‘ಲೈಕ್’ ಎಲ್ಲಿ, ‘ಆ್ಯಸ್’ ಎಲ್ಲಿ? ಒಂದು ಪದದಿಂದ ಇಂಟರ್‌ವ್ಯೂ ಕೈತಪ್ಪಿತು

ಹಾಸನದವನು, ವಿಜಯನಗರ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೆಂಗಳೂರಿಗೆ ಬಂದು ಆರು ವರ್ಷ ಆಯಿತು. ಹೋದ ವಾರ ವೈಟ್‌ಫೀಲ್ಡ್ ಕಡೆ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ನನ್ನ ರೆಸ್ಯೂಮೆಯಲ್ಲಿ ‘ಐ ವರ್ಕ್ಡ್ ಲೈಕ್ ಎ ಟೀಮ್ ಲೀಡ್ ಫಾರ್ ಟು ಇಯರ್ಸ್’ ಅಂತ ಒಂದು ಸಾಲು ಇತ್ತು. ಎದುರಿಗೆ ಕೂತಿದ್ದವರು ಆ ಸಾಲಿನ ಮೇಲೆ ಬೆರಳಿಟ್ಟು, ‘ಹಾಗಾದರೆ ನೀವು ಟೀಮ್ ಲೀಡ್ ಆಗಿರಲಿಲ್ಲ, ಅಲ್ವಾ?’ ಅಂತ ಕೇಳಿದರು. ನಾನು ‘ಆಗಿದ್ದೆ’ ಅಂದೆ. ‘ಮತ್ತೆ ಲೈಕ್ ಅಂತ ಯಾಕೆ ಬರೆದಿರಿ?’ ಅಂದರು. ಏನು ಹೇಳಬೇಕು ಅಂತ ತೋಚಲೇ ಇಲ್ಲ. ಅಲ್ಲಿಂದ ಮುಂದೆ ಎಲ್ಲ ಉತ್ತರವೂ ತಡವರಿಸಿತು. ಸಂಜೆ ‘ಸಾರಿ’ ಅಂತ ಮೇಲ್ ಬಂತು.

‘ಲೈಕ್’ ಅಂದರೆ ‘ಥರ’, ‘ಹಾಗೆ’ ಅಂತಲೇ ಶಾಲೆಯಲ್ಲಿ ಕಲಿತಿದ್ದು. ಅದರಲ್ಲಿ ತಪ್ಪು ಏನಿದೆ? ‘ಆ್ಯಸ್’ ಯಾವಾಗ, ‘ಲೈಕ್’ ಯಾವಾಗ? ಗ್ರಾಮರ್ ಪುಸ್ತಕ ತೆಗೆದರೆ ಪ್ರಿಪೊಸಿಷನ್, ಕಂಜಂಕ್ಷನ್ ಅಂತ ಶುರುವಾಗುತ್ತದೆ, ತಲೆಗೆ ಹತ್ತುವುದಿಲ್ಲ. ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳುತ್ತೀರಾ?

ಗಿರಿನಗರದ ಮೇಷ್ಟ್ರು

ನೋಡಪ್ಪ, ಮೊದಲು ಒಂದು ಮಾತು. ನಿನಗೆ ಗ್ರಾಮರ್ ಬರುವುದಿಲ್ಲ ಅಂತ ಅಂದುಕೊಳ್ಳಬೇಡ. ಈ ವ್ಯತ್ಯಾಸ ನಿನ್ನ ಬಾಯಲ್ಲಿ ಚಿಕ್ಕಂದಿನಿಂದಲೂ ಇದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೇನೆ. ಇದನ್ನು ಕನ್ನಡದ ಮೂಲಕ ಹೇಳಿಕೊಟ್ಟಾಗಲೇ ಮಕ್ಕಳಿಗೆ ಹಿಡಿದದ್ದು.

ಈ ಎರಡು ಮಾತು ಜೋರಾಗಿ ಹೇಳಿ ನೋಡು.

‘ನಿನ್ನ ಅಣ್ಣನಾಗಿ ಹೇಳುತ್ತಿದ್ದೇನೆ.’
‘ನಿನ್ನ ಅಣ್ಣನ ಥರ ಹೇಳುತ್ತಿದ್ದೇನೆ.’

ಮೊದಲನೆಯದನ್ನು ಹೇಳುವವನು ನಿಜವಾಗಿಯೂ ಅಣ್ಣ. ಎರಡನೆಯದನ್ನು ಹೇಳುವವನು ಪಕ್ಕದ ಮನೆಯವನೋ, ಆಫೀಸಿನ ಹಿರಿಯನೋ ಇರಬಹುದು, ಅಣ್ಣ ಮಾತ್ರ ಅಲ್ಲ. ಇಂಗ್ಲಿಷಿನಲ್ಲಿ ‘ಆಗಿ’ ಇರುವ ಕಡೆ ‘ಆ್ಯಸ್’. ‘ಥರ’ ಇರುವ ಕಡೆ ‘ಲೈಕ್’. ‘ಐ ವರ್ಕ್ಡ್ ಆ್ಯಸ್ ಎ ಟೀಮ್ ಲೀಡ್’ ಅಂದರೆ ಟೀಮ್ ಲೀಡ್ ಆಗಿ ಕೆಲಸ ಮಾಡಿದೆ ಅಂತ. ‘ಲೈಕ್ ಎ ಟೀಮ್ ಲೀಡ್’ ಅಂದರೆ ಟೀಮ್ ಲೀಡ್ ಮಾಡುವ ಹಾಗೆ ಮಾಡಿದೆ, ಆದರೆ ಆಗಿರಲಿಲ್ಲ ಅಂತ. ಆ ಇಂಟರ್‌ವ್ಯೂ ಮಾಡಿದವರು ನಿನ್ನ ಸಾಲಿನಲ್ಲಿ ಏನಿತ್ತೋ ಅದನ್ನೇ ಓದಿದ್ದಾರೆ.

ಹೋಲಿಕೆ ಅಂದರೆ ಎರಡು ಬೇರೆ ವಸ್ತು ಇರಲೇಬೇಕು. ಉಪಮಾಲಂಕಾರದ ಪಾಠ ನೆನಪಿದೆಯಾ? ‘ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು.’ ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಅಂತ ನಾಲ್ಕು ಬಿಡಿಸಿ ಬರೆಯುತ್ತಿದ್ದೆವು. ಅಲ್ಲಿ ‘ಅಂತೆ’ ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ‘ಲೈಕ್’ ಮಾಡುತ್ತದೆ. ಭೀಮ ಆನೆ ಅಲ್ಲ, ಅದಕ್ಕೇ ‘ಅಂತೆ’ ಬಂತು.

ಕಂಟೆಂಟ್ ಬರೆಯುವವಳು

ಮೇಷ್ಟ್ರೇ, ‘ಆಗಿ’ ಮತ್ತು ‘ಥರ’ ತುಂಬ ಚೆನ್ನಾಗಿದೆ. ನಾನು ಅನುವಾದದ ಕೆಲಸ ಮಾಡುತ್ತೇನೆ. ದಿನಾ ಇದೇ ಪರೀಕ್ಷೆ ಹಾಕಿಕೊಳ್ಳುತ್ತೇನೆ, ಆದರೆ ಇಷ್ಟು ಸರಳವಾಗಿ ಯಾರಿಗೂ ಹೇಳಿರಲಿಲ್ಲ. ಒಂದೇ ಒಂದು ಎಚ್ಚರಿಕೆ. ‘ಚೆನ್ನಾಗಿ’, ‘ಜೋರಾಗಿ’ ಅನ್ನುವಲ್ಲಿಯೂ ‘ಆಗಿ’ ಇದೆ. ಅಲ್ಲಿ ‘ಆ್ಯಸ್’ ಬರುವುದಿಲ್ಲ. ಆಳು, ಹುದ್ದೆ, ವಸ್ತು, ಇಂಥ ಹೆಸರಿನ ಮುಂದೆ ‘ಆಗಿ’ ಬಂದರೆ ಮಾತ್ರ.

ವಸ್ತುವಿಗೂ ಇದು ಕೆಲಸ ಮಾಡುತ್ತದೆ. ‘ಹಳೇ ಸೀರೆಯನ್ನು ಪರದೆಯಾಗಿ ಬಳಸಿದೆ’ ಅಂದರೆ ‘ಆ್ಯಸ್ ಎ ಕರ್ಟನ್’. ‘ಸೀರೆ ಪರದೆ ಥರ ಇದೆ’ ಅಂದರೆ ‘ಲೈಕ್ ಎ ಕರ್ಟನ್’.

ಹಾಸನದವನು, ವಿಜಯನಗರ

ಸರ್, ಮೇಡಂ, ಇಬ್ಬರಿಗೂ ಧನ್ಯವಾದ. ‘ಅಣ್ಣನಾಗಿ’, ‘ಅಣ್ಣನ ಥರ’ ಓದಿದ ಕೂಡಲೇ ಅರ್ಥ ಆಯಿತು. ಆದರೆ ಇನ್ನೊಂದು ಕೇಳಬೇಕು. ಮೇಲ್‌ಗಳಲ್ಲಿ ನಾನು ‘ಲೈಕ್ ಐ ಸೆಡ್ ಯೆಸ್ಟರ್ಡೇ’ ಅಂತ ಜಾಸ್ತಿ ಬರೆಯುತ್ತೇನೆ. ನಿನ್ನೆ ಹೇಳಿದ ಹಾಗೆ, ಅಂತ. ಹಿಂದಿನ ಮ್ಯಾನೇಜರ್ ಪ್ರತಿ ಸಲ ಅದನ್ನು ‘ಆ್ಯಸ್ ಐ ಸೆಡ್’ ಅಂತ ತಿದ್ದುತ್ತಿದ್ದರು. ಇಲ್ಲಿ ‘ಆಗಿ’ ಎಲ್ಲಿದೆ? ‘ಹಾಗೆ’ ಅಲ್ವಾ ಇರುವುದು?

ಗಿರಿನಗರದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನಮ್ಮವರೆಲ್ಲ ಎಡವುವುದು ಇಲ್ಲೇ. ಅದಕ್ಕೆ ಕಾರಣ ಕನ್ನಡದ ಧಾರಾಳತನ.

‘ಅಪ್ಪನ ಹಾಗೆ ನಡೆಯುತ್ತಾನೆ.’
‘ಅಪ್ಪ ಹೇಳಿದ ಹಾಗೆ ನಡೆಯುತ್ತಾನೆ.’

ನಮಗೆ ಎರಡು ಕಡೆಯೂ ಒಂದೇ ‘ಹಾಗೆ’. ಮೊದಲನೆಯದರಲ್ಲಿ ‘ಹಾಗೆ’ಯ ಹಿಂದೆ ಇರುವುದು ಬರೀ ಹೆಸರು, ‘ಅಪ್ಪನ’. ಎರಡನೆಯದರಲ್ಲಿ ಒಂದು ಕ್ರಿಯೆ ಇದೆ, ‘ಹೇಳಿದ’. ಕನ್ನಡ ಎರಡನ್ನೂ ಒಂದೇ ಗೂಟಕ್ಕೆ ಕಟ್ಟುತ್ತದೆ. ಇಂಗ್ಲಿಷಿನ ಬರವಣಿಗೆ ಎರಡು ಗೂಟ ಇಟ್ಟುಕೊಂಡಿದೆ. ಬರೀ ಹೆಸರು ಇದ್ದರೆ ‘ಲೈಕ್’. ಕ್ರಿಯಾಪದ ಇದ್ದರೆ ‘ಆ್ಯಸ್’. ‘ಲೈಕ್ ಹಿಸ್ ಫಾದರ್’, ‘ಆ್ಯಸ್ ಹಿಸ್ ಫಾದರ್ ಸೆಡ್’. ನಿಜವಲ್ಲದ್ದನ್ನು ನಿಜದ ಹಾಗೆ ಹೇಳುವಾಗ ‘ಆ್ಯಸ್ ಇಫ್’. ‘ಎಲ್ಲ ತನಗೇ ಗೊತ್ತಿರುವ ಹಾಗೆ ಮಾತಾಡುತ್ತಾನೆ’ ಅನ್ನುವಲ್ಲಿ ಬರುವುದು ಅದು.

ಹಾಗಂತ ‘ಲೈಕ್ ಐ ಸೆಡ್’ ಅನ್ನುವುದು ನಮ್ಮವರ ತಪ್ಪು ಮಾತ್ರ ಅಲ್ಲ. ಇಂಗ್ಲಿಷ್ ಮನೆಮಾತಿನವರೂ ಮಾತಿನಲ್ಲಿ ಧಾರಾಳವಾಗಿ ಹಾಗೇ ಹೇಳುತ್ತಾರೆ. 1954ರಲ್ಲಿ ಅಮೆರಿಕದಲ್ಲಿ ವಿನ್‌ಸ್ಟನ್ ಸಿಗರೇಟಿನ ಜಾಹೀರಾತು ಬಂತು. ಸಿಗರೇಟು ಹೇಗಿರಬೇಕೋ ಹಾಗೆ ಇದರ ರುಚಿ ಇದೆ ಅಂತ ಅದರ ಅರ್ಥ. ಅಲ್ಲಿ ‘ಆ್ಯಸ್’ ಬದಲು ‘ಲೈಕ್’ ಹಾಕಿದ್ದರು. ವ್ಯಾಕರಣ ಬಲ್ಲವರು ಸಿಟ್ಟಾದರು. ವರ್ಷಗಟ್ಟಲೆ ಆ ಜಗಳ ನಡೆಯಿತು. ನಿಮಗೆ ಒಳ್ಳೆಯ ವ್ಯಾಕರಣ ಬೇಕೋ ಒಳ್ಳೆಯ ರುಚಿ ಬೇಕೋ ಅಂತ ಮುಂದೆ ಆ ಕಂಪನಿಯೇ ಇನ್ನೊಂದು ಜಾಹೀರಾತಿನಲ್ಲಿ ಕೇಳಿತು.

ನನ್ನ ಅಭಿಪ್ರಾಯ ಇಷ್ಟು. ಮಾತಿನಲ್ಲಿ ‘ಲೈಕ್ ಐ ಸೆಡ್’ ಅಂದರೆ ಏನೂ ಆಗುವುದಿಲ್ಲ. ಮೇಲ್, ಅರ್ಜಿ, ರೆಸ್ಯೂಮೆಯಲ್ಲಿ ‘ಆ್ಯಸ್ ಐ ಸೆಡ್’ ಅಂತಲೇ ಬರೆ. ಓದುವವರು ಯಾರು ಅಂತ ನಮಗೆ ಗೊತ್ತಿರುವುದಿಲ್ಲ.

ಜಯನಗರದ ಅಮ್ಮ

ನನ್ನದೂ ಒಂದು ‘ಲೈಕ್’ ಸಮಸ್ಯೆ ಇದೆ. ನನ್ನ ಮಗಳು ಒಂಬತ್ತನೇ ಕ್ಲಾಸು. ಕನ್ನಡ ಮಾತಾಡಿದರೂ ಮಧ್ಯೆ ‘ಲೈಕ್’. ‘ಅಮ್ಮಾ, ಲೈಕ್, ನಾನು ಅವಳ ಹತ್ರ ಲೈಕ್ ಮಾತೇ ಆಡಿಲ್ಲ.’ ನಮ್ಮ ಅತ್ತೆಗೆ ಮೊಮ್ಮಗಳು ಏನು ಹೇಳುತ್ತಿದ್ದಾಳೆ ಅಂತಲೇ ಗೊತ್ತಾಗುವುದಿಲ್ಲ. ಇದಕ್ಕೆ ಅರ್ಥ ಏನಾದರೂ ಇದೆಯಾ? ಬಿಡಿಸುವುದು ಹೇಗೆ?

ಕಂಟೆಂಟ್ ಬರೆಯುವವಳು

ಅಕ್ಕಾ, ಅದಕ್ಕೆ ಅರ್ಥ ಇದೆ. ನಮ್ಮ ‘ಒಂಥರಾ’ ನೆನಪಿಸಿಕೊಳ್ಳಿ. ‘ಒಂಥರಾ ಬೇಜಾರು’, ‘ಅವರು ಒಂಥರಾ ಜನ’. ಸರಿಯಾದ ಪದ ಇನ್ನೂ ಸಿಕ್ಕಿಲ್ಲ, ಅದರ ಹತ್ತಿರ ಇದ್ದೇನೆ ಅಂತ ಹೇಳುವುದಕ್ಕೆ ನಾವು ‘ಥರ’ವನ್ನೇ ಬಳಸಿದೆವು. ಅವರು ‘ಲೈಕ್’ ಬಳಸಿದರು. ಹೋಲಿಕೆಯ ಪದವೇ ಎರಡು ಕಡೆಯೂ ಈ ಕೆಲಸಕ್ಕೆ ಬಂದಿದೆ. ನನಗಂತೂ ಇದು ತುಂಬ ಇಷ್ಟವಾದ ವಿಷಯ.

ಇನ್ನೊಂದು ಬಳಕೆ ಇದೆ. ‘ಶಿ ವಾಸ್ ಲೈಕ್, ಸೋ ವಾಟ್?’ ಅನ್ನುತ್ತಾರೆ. ‘ಶಿ ಸೆಡ್’ ಅಂದರೆ ಅವಳು ಆಡಿದ ಮಾತನ್ನು ಹೇಳಬೇಕು. ‘ಶಿ ವಾಸ್ ಲೈಕ್’ ಅಂದರೆ ಅವಳು ಬಾಯಿ ಬಿಟ್ಟು ಹೇಳದೆ ಇರಬಹುದು, ಮುಖದಲ್ಲಿ ತೋರಿಸಿರಬಹುದು. ಕನ್ನಡದಲ್ಲಿ ನಾವು ‘ಅವಳು ನನಗೇನು ಅನ್ನೋ ಥರ ನಿಂತಿದ್ದಳು’ ಅನ್ನುತ್ತೇವೆ ಅಲ್ವಾ? ಅದೇ ಇದು.

ಬಿಡಿಸಬೇಕು ಅಂತ ಬೈಯಬೇಡಿ. ಬೈದರೆ ಮಕ್ಕಳು ಮಾತೇ ಕಡಿಮೆ ಮಾಡುತ್ತಾರೆ. ಅಜ್ಜಿಯ ಹತ್ತಿರ ಶಾಲೆಯ ಕಥೆ ಹೇಳುವಾಗ ‘ಒಂಥರಾ’, ‘ಅಂದ್ರೆ’ ಹಾಕಿಕೊ ಅಂತ ಹೇಳಿ. ತಡೆದು ಯೋಚಿಸುವುದಕ್ಕೆ ಒಂದು ಪದ ಎಲ್ಲರಿಗೂ ಬೇಕು. ಕೇಳುವವರಿಗೆ ಗೊತ್ತಿರುವ ಪದ ಆದರೆ ಸಾಕು.

ಹುಬ್ಬಳ್ಳಿಯವಳು, ಈಗ ಯಲಹಂಕ

ನಮ್ಮ ಕಡೆ ‘ಥರ’ಕ್ಕಿಂತ ‘ಗತೆ’ ಜಾಸ್ತಿ. ‘ಹುಚ್ಚರ ಗತೆ ಮಾಡಬ್ಯಾಡ.’ ಬೆಂಗಳೂರಿಗೆ ಬಂದ ಮೇಲೆ ‘ಥರ’ ಕಲಿತೆ. ಆದರೆ ‘ಅಣ್ಣನಾಗಿ’ ಎಲ್ಲ ಕಡೆಯೂ ಒಂದೇ.

ಪದಗಳ ಹಿಂದೆ ಬಿದ್ದವನು

ಚರ್ಚೆ ಓದಿ ಸುಮ್ಮನೆ ಇರುವುದಕ್ಕೆ ಆಗಲಿಲ್ಲ. ‘ಲೈಕ್’ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಕನ್ನಡದ ಮುಖ ಕಾಣಿಸುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ‘ಲೀಚ್’ ಅಂದರೆ ಮೈ, ದೇಹ. ಅದರಿಂದ ಬಂದ ‘ಲೈಕ್’ ಪದದ ಮೂಲ ಅರ್ಥ ‘ಅದೇ ಮೈಯುಳ್ಳದ್ದು’. ಇಂಗ್ಲೆಂಡಿನ ಹಳ್ಳಿಯ ಚರ್ಚುಗಳ ಮುಂದೆ ಛಾವಣಿ ಇರುವ ಗೇಟು ಇರುತ್ತದೆ. ಅದಕ್ಕೆ ‘ಲಿಚ್‌ಗೇಟ್’ ಅನ್ನುತ್ತಾರೆ. ಹೆಣ ಹೊತ್ತು ತಂದವರು ಪಾದ್ರಿ ಬರುವವರೆಗೆ ಅಲ್ಲಿ ಕಾಯುತ್ತಿದ್ದರು. ಹಳೆಯ ‘ಲೀಚ್’ ಅಲ್ಲಿ ಇನ್ನೂ ಉಳಿದಿದೆ. ‘ಫ್ರೆಂಡ್ಲಿ’, ‘ಬ್ರದರ್ಲಿ’ ಪದಗಳ ಕೊನೆಯ ‘ಲಿ’ ಕೂಡ ಅದೇ.

ಇನ್ನೂ ಇದೆ. ‘ಸಚ್’, ‘ವಿಚ್’ ಪದಗಳ ಬಾಲದಲ್ಲಿಯೂ ಇದೇ ‘ಲೀಚ್’ ಸವೆದು ಕೂತಿದೆ. ‘ಸಚ್’ ಅಂದರೆ ಮೊದಲು ‘ಹಾಗಿರುವ’, ಅಂದರೆ ನಮ್ಮ ‘ಅಂಥ’. ‘ವಿಚ್’ ಅಂದರೆ ಈಗ ‘ಯಾವ’, ಆದರೆ ಮೊದಲು ‘ಎಂಥ’. ನಾವು ಅಂಥ, ಇಂಥ, ಎಂಥ ಅಂತ ಸಾಲಾಗಿ ಇಟ್ಟುಕೊಂಡಿರುವುದನ್ನೇ ಅವರೂ ಒಂದು ಕಾಲದಲ್ಲಿ ಇಟ್ಟುಕೊಂಡಿದ್ದರು.

ಇಷ್ಟಪಡುವ ‘ಲೈಕ್’ ಕೂಡ ಇದೇ ಮನೆಯದು. ಹೊಂದುವುದು, ಒಪ್ಪುವುದು ಅನ್ನುವ ಅರ್ಥದಿಂದ ಹಿಡಿಸುವುದು ಅನ್ನುವಲ್ಲಿಗೆ ಬಂದಿದೆ. ಹಳೆಯ ಇಂಗ್ಲಿಷಿನಲ್ಲಿ ‘ನಾನು ಅದನ್ನು ಲೈಕ್ ಮಾಡುತ್ತೇನೆ’ ಅನ್ನುತ್ತಿರಲಿಲ್ಲ. ‘ಅದು ನನಗೆ ಲೈಕ್ ಆಗುತ್ತದೆ’ ಅನ್ನುತ್ತಿದ್ದರು. ನಮ್ಮ ‘ನನಗೆ ಇಷ್ಟ’, ‘ನನಗೆ ಹಿಡಿಸಿತು’ ಇದ್ದ ಹಾಗೆಯೇ. ಷೇಕ್ಸ್‌ಪಿಯರ್ ಕಾಲದವರೆಗೂ ಆ ರೂಪ ಅಲ್ಲಲ್ಲಿ ಉಳಿದಿತ್ತು. ಆಮೇಲೆ ‘ನನಗೆ’ ಹೋಗಿ ‘ನಾನು’ ಬಂತು. ಫೇಸ್‌ಬುಕ್ 2009ರಲ್ಲಿ ಆ ಬಟನ್ ತಂದ ಮೇಲೆ ನಾವೂ ‘ಲೈಕ್ ಆಯಿತು’ ಬಿಟ್ಟು ‘ಲೈಕ್ ಮಾಡು’ ಅನ್ನುತ್ತಿದ್ದೇವೆ.

ನಮ್ಮ ಕಡೆಗೆ ಬಂದರೆ, ‘ಹೋಲು’ ಹಳಗನ್ನಡದಲ್ಲಿ ‘ಪೋಲ್’. ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ, ಪೋಲ್ ಹೋಲು ಆಯಿತು. ‘ಥರ’ ಆಮೇಲೆ ಬಂದದ್ದು. ಅರಬ್ಬಿ, ಪಾರ್ಸಿ ಕಡೆಯ ‘ತರಹ’ ಅದು. ಈಗ ಅದಿಲ್ಲದೆ ನಮಗೆ ದಿನ ಕಳೆಯುವುದಿಲ್ಲ.

ಹಾಸನದವನು, ವಿಜಯನಗರ

‘ಎಂಥ’ ಅಂದ ಕೂಡಲೇ ನೆನಪಾಯಿತು. ಅದೇ ಇಂಟರ್‌ವ್ಯೂನಲ್ಲಿ ‘ವಾಟ್ ವಾಸ್ ಯುವರ್ ಮ್ಯಾನೇಜರ್ ಲೈಕ್?’ ಅಂತಲೂ ಕೇಳಿದ್ದರು. ಮ್ಯಾನೇಜರಿಗೆ ಏನು ಇಷ್ಟ ಅಂತ ಕೇಳುತ್ತಿದ್ದಾರೆ ಅಂದುಕೊಂಡೆ. ಟೈಮಿಗೆ ಕೆಲಸ ಮುಗಿಸಿದರೆ ಅವರಿಗೆ ಇಷ್ಟ ಅಂತ ಉತ್ತರ ಕೊಟ್ಟೆ.

ಗಿರಿನಗರದ ಮೇಷ್ಟ್ರು

ನಿನ್ನ ಉತ್ತರ ತೀರಾ ದೂರ ಏನೂ ಹೋಗಿಲ್ಲ, ಬಿಡು. ಆದರೆ ಇದನ್ನು ಚೆನ್ನಾಗಿ ತಿಳಿದುಕೊ. ಇಂಟರ್‌ವ್ಯೂಗಳಲ್ಲಿ ಇದು ಬಂದೇ ಬರುತ್ತದೆ. ನಾಲ್ಕು ಪ್ರಶ್ನೆ ಇವೆ. ಮನೆಗೆ ಗಂಡು ನೋಡುವ ಮಾತುಕತೆ ಅಂತ ಇಟ್ಟುಕೊ.

‘ಹುಡುಗ ಎಂಥವನು?’ ಗುಣ ಹೇಗೆ ಅಂತ. ‘ವಾಟ್ ಈಸ್ ಹಿ ಲೈಕ್?’
‘ಹುಡುಗ ನೋಡೋಕೆ ಹೇಗಿದ್ದಾನೆ?’ ‘ವಾಟ್ ಡಸ್ ಹಿ ಲುಕ್ ಲೈಕ್?’
‘ಹುಡುಗನಿಗೆ ಏನು ಇಷ್ಟ?’ ‘ವಾಟ್ ಡಸ್ ಹಿ ಲೈಕ್?’
‘ಹುಡುಗ ಹೇಗಿದ್ದಾನೆ?’ ಜ್ವರ ಬಂದಿತ್ತಲ್ಲ, ಈಗ ಪರವಾಗಿಲ್ಲವಾ ಅಂತ. ‘ಹೌ ಈಸ್ ಹಿ?’

ಕನ್ನಡದ ‘ಹೇಗಿದ್ದಾನೆ’ ಒಂದೇ ಇದರಲ್ಲಿ ಮೂರು ಕೆಲಸ ಮಾಡಿಬಿಡುತ್ತದೆ. ಆರೋಗ್ಯ, ರೂಪ, ಒಮ್ಮೊಮ್ಮೆ ಗುಣ ಕೂಡ. ಅದಕ್ಕೇ ನಮ್ಮವರು ಎಲ್ಲಕ್ಕೂ ‘ಹೌ ಈಸ್’ ಅನ್ನುತ್ತಾರೆ. ಮನಸ್ಸಿನಲ್ಲಿ ‘ಎಂಥವನು’, ‘ಎಂಥದ್ದು’ ಅಂತ ಬಂದರೆ ‘ವಾಟ್... ಲೈಕ್’ ಅಂತ ಗುರುತು ಇಟ್ಟುಕೊ. ಉತ್ತರದಲ್ಲಿ ‘ಲೈಕ್’ ಬೇಡ. ‘ಹಿ ವಾಸ್ ಪೇಷಂಟ್’ ಅಂದರೆ ಮುಗಿಯಿತು. ‘ಹಿ ವಾಸ್ ಲೈಕ್ ಪೇಷಂಟ್’ ಅಂದರೆ ‘ಒಂಥರಾ ತಾಳ್ಮೆ’ ಅಂದ ಹಾಗೆ ಆಗುತ್ತದೆ.

ಹುಬ್ಬಳ್ಳಿಯವಳು, ಈಗ ಯಲಹಂಕ

‘ಲುಕ್ಸ್ ಲೈಕ್’ ನನಗೆ ಬೆಂಗಳೂರಿನ ಮಳೆ ಕಲಿಸಿತು. ಸಂಜೆ ನಾಲ್ಕಕ್ಕೆ ಮೋಡ ಕವಿದರೆ ಆಫೀಸಿನಲ್ಲಿ ಎಲ್ಲರೂ ‘ಲುಕ್ಸ್ ಲೈಕ್ ರೈನ್’ ಅನ್ನುತ್ತಿದ್ದರು. ಮಳೆ ಬರೋ ಹಾಗಿದೆ. ಪದಕ್ಕೆ ಪದ ಸರಿ ಹೊಂದುತ್ತದೆ. ‘ಫೀಲ್ ಲೈಕ್’ ಮಾತ್ರ ಬೇರೆ. ‘ಐ ಫೀಲ್ ಲೈಕ್ ಈಟಿಂಗ್’ ಅಂದರೆ ತಿನ್ನಬೇಕು ಅನಿಸುತ್ತಿದೆ ಅಂತ.

ಜಯನಗರದ ಅಮ್ಮ

ಮಗಳ ನೋಟ್ಸಿನಲ್ಲಿ ‘ಅಲೈಕ್’, ‘ಸಿಮಿಲರ್’, ‘ಸೇಮ್’, ‘ರಿಸೆಂಬಲ್’ ಎಲ್ಲ ಒಟ್ಟಿಗೆ ಕೊಟ್ಟಿದ್ದಾರೆ. ಅದನ್ನೂ ಹೇಳಿಬಿಡಿ.

ಕಂಟೆಂಟ್ ಬರೆಯುವವಳು

ಅಕ್ಕಾ, ಬೇಗ ಹೇಳುತ್ತೇನೆ. ‘ಅಲೈಕ್’ ಹೆಸರಿಗಿಂತ ಮೊದಲು ಬರುವುದಿಲ್ಲ. ‘ದ ಟ್ವಿನ್ಸ್ ಆರ್ ಅಲೈಕ್’ ಸರಿ, ‘ಅಲೈಕ್ ಟ್ವಿನ್ಸ್’ ತಪ್ಪು. ‘ಸಿಮಿಲರ್’ ಜೊತೆ ‘ಟು’, ‘ಸೇಮ್’ ಜೊತೆ ‘ಆ್ಯಸ್’. ‘ರಿಸೆಂಬಲ್’ ಜೊತೆ ಏನೂ ಬೇಡ. ‘ಅಪ್ಪನನ್ನು ಹೋಲುತ್ತಾನೆ’ ಅನ್ನುವ ಹಾಗೆ ನೇರ ‘ರಿಸೆಂಬಲ್ಸ್ ಹಿಸ್ ಫಾದರ್’. ನಮ್ಮವರು ಜಾಸ್ತಿ ‘ರಿಸೆಂಬಲ್ಸ್ ಟು’ ಅನ್ನುತ್ತಾರೆ, ಅದು ಬೇಡ.

‘ಸೇಮ್ ಟು ಸೇಮ್’ ನಮ್ಮ ಊರಿನ ಮಾತು. ಅಂಗಡಿಯಲ್ಲಿ, ಬಸ್ಸಿನಲ್ಲಿ ಅದು ಸೊಗಸಾಗಿಯೇ ಕೇಳುತ್ತದೆ. ಪರೀಕ್ಷೆಯಲ್ಲಿ ‘ಎಗ್ಸಾಕ್ಟ್ಲಿ ದ ಸೇಮ್’ ಬರೆಯಲಿ. ‘ತದ್ರೂಪ’, ‘ಪಡಿಯಚ್ಚು’ ಅನ್ನುವುದಕ್ಕೆ ‘ಐಡೆಂಟಿಕಲ್’. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅನ್ನುವುದಕ್ಕೆ ಅವರಲ್ಲಿ ‘ಲೈಕ್ ಫಾದರ್, ಲೈಕ್ ಸನ್’ ಅಂತ ಅಪ್ಪ, ಮಗನ ಗಾದೆ ಇದೆ. ಅದರಲ್ಲಿಯೂ ‘ಲೈಕ್’ ಎರಡು ಸಲ ಬರುತ್ತದೆ, ನಮ್ಮ ‘ಅಂತೆ’ ಎರಡು ಸಲ ಬಂದ ಹಾಗೆಯೇ.

ಇನ್ನೊಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ‘ಆಧಾರ್‌ನಂಥ ದಾಖಲೆ ತನ್ನಿ’ ಅಂದರೆ ಆಧಾರ್ ತರಬಹುದಾ, ಅದರ ಬದಲು ಬೇರೆ ಏನಾದರೂ ತರಬೇಕಾ? ಕನ್ನಡದ ‘ಅಂಥ’ದಲ್ಲಿ ಇರುವ ಗೊಂದಲವೇ ‘ಲೈಕ್’ನಲ್ಲಿಯೂ ಇದೆ. ‘ಆಧಾರ್ ಮೊದಲಾದ ದಾಖಲೆ’ ಅಂದರೆ ಆಧಾರ್ ಖಂಡಿತ ಸೇರಿತು. ಇಂಗ್ಲಿಷಿನಲ್ಲಿ ಅದಕ್ಕೆ ‘ಸಚ್ ಆ್ಯಸ್’. ಅಪಾರ್ಟ್‌ಮೆಂಟಿನ ನೋಟಿಸು, ಅರ್ಜಿ, ಕರಾರು ಪತ್ರ ಬರೆಯುವಾಗ ನಾನು ಯಾವಾಗಲೂ ‘ಸಚ್ ಆ್ಯಸ್’ ಅಂತಲೇ ಬರೆಯುತ್ತೇನೆ.

ಹಾಸನದವನು, ವಿಜಯನಗರ

ಎಲ್ಲ ಓದಿದೆ, ಎರಡೆರಡು ಸಲ. ಈಗ ಒಂದು ನಿಜ ಹೇಳಬೇಕು. ನಾನು ‘ಲೈಕ್’ ಅಂತ ಬರೆದದ್ದು ಪೂರ್ತಿ ಗೊತ್ತಿಲ್ಲದೆ ಅಲ್ಲ. ಹಳೆಯ ಕಂಪನಿಯಲ್ಲಿ ನಮ್ಮ ಲೀಡ್ ಬಿಟ್ಟು ಹೋದರು. ಎರಡು ವರ್ಷ ಆರು ಜನರ ಕೆಲಸ ಹಂಚಿದ್ದು, ರಿವ್ಯೂ ಮಾಡಿದ್ದು, ಕ್ಲೈಂಟ್ ಜೊತೆ ಮಾತಾಡಿದ್ದು ಎಲ್ಲ ನಾನೇ. ಆದರೆ ಲೆಟರ್ ಕೊಡಲಿಲ್ಲ. ಕಾಗದದ ಮೇಲೆ ನಾನು ಲೀಡ್ ಅಲ್ಲ. ಬರೆಯುವಾಗ ಮನಸ್ಸಿನಲ್ಲಿ ‘ಲೀಡ್ ಥರ ಇದ್ದೆ’ ಅಂತಲೇ ಬಂತು. ಈಗ ‘ಆ್ಯಸ್’ ಅಂತ ತಿದ್ದಿದರೆ ಸುಳ್ಳಾಗುತ್ತದಾ? ‘ಲೈಕ್’ ಅಂತ ಬಿಟ್ಟರೆ ಮಾಡಿದ ಕೆಲಸ ಸುಳ್ಳಾಗುತ್ತದೆ.

ಗಿರಿನಗರದ ಮೇಷ್ಟ್ರು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿನ್ನ ಕನ್ನಡ ಸರಿಯಾಗಿಯೇ ಹೇಳಿದೆಯಪ್ಪ. ನೀನು ಲೀಡ್ ಥರ ಇದ್ದೆ, ಆಗಿರಲಿಲ್ಲ. ಪದ ತಪ್ಪಲಿಲ್ಲ. ನಿನಗೆ ಸಿಗಬೇಕಾದದ್ದು ಸಿಗಲಿಲ್ಲ, ಅಷ್ಟೇ.

‘ಆ್ಯಸ್’ ಬರೆಯಬೇಡ. ಹಳೆಯ ಕಂಪನಿಗೆ ಫೋನ್ ಮಾಡಿ ಕೇಳಿದರೆ ಇಲ್ಲ ಅನ್ನುತ್ತಾರೆ. ‘ಲೈಕ್’ ಕೂಡ ಬೇಡ. ಹುದ್ದೆಯ ಹೆಸರನ್ನೇ ಬಿಟ್ಟು ಮಾಡಿದ ಕೆಲಸ ಬರೆ. ‘ಲೆಡ್ ಎ ಟೀಮ್ ಆಫ್ ಸಿಕ್ಸ್ ಫಾರ್ ಟು ಇಯರ್ಸ್.’ ಆರು ಜನರ ತಂಡವನ್ನು ಎರಡು ವರ್ಷ ನಡೆಸಿದೆ. ಹೋಲಿಕೆಯ ಪದವೇ ಬೇಕಾಗಿಲ್ಲ. ಲೆಟರ್ ಇತ್ತಾ ಅಂತ ಕೇಳಿದರೆ ಇರಲಿಲ್ಲ ಅಂತ ನೇರವಾಗಿ ಹೇಳು.

ಕಂಟೆಂಟ್ ಬರೆಯುವವಳು

ಮೇಷ್ಟ್ರು ಹೇಳಿದ್ದೇ ಸರಿ. ಅದರ ಕೆಳಗೆ ಹಂಚಿದ ಕೆಲಸ, ರಿವ್ಯೂ, ಕ್ಲೈಂಟ್ ಮಾತುಕತೆ ಮೂರನ್ನೂ ಒಂದೊಂದು ಸಾಲು ಬರೆಯಿರಿ. ಬೇಕಾದರೆ ರೆಸ್ಯೂಮೆ ಕಳಿಸಿ, ನೋಡಿಕೊಡುತ್ತೇನೆ.

ಹಾಸನದವನು, ವಿಜಯನಗರ

ಕಳಿಸಿದ್ದೇನೆ ಮೇಡಂ. ಮಂಗಳವಾರ ಇನ್ನೊಂದು ಇಂಟರ್‌ವ್ಯೂ ಇದೆ, ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ.

ಗಿರಿನಗರದ ಮೇಷ್ಟ್ರು

ಹಾಗಾದರೆ ಈಗಲೇ ಒಂದು ಪ್ರಶ್ನೆ. ಕನ್ನಡಕ್ಕೆ ತಿರುಗಿಸಿಕೊ, ಆಮೇಲೆ ಉತ್ತರ ಹೇಳು. ‘ವಾಟ್ ವಾಸ್ ಯುವರ್ ಟೀಮ್ ಲೈಕ್?’

ಹಾಸನದವನು, ವಿಜಯನಗರ

ನಿಮ್ಮ ಟೀಮ್ ಎಂಥದ್ದು?

‘ದೆ ವರ್ ಯಂಗ್, ಆ್ಯಂಡ್ ದೆ ಟ್ರಸ್ಟೆಡ್ ಮಿ.’